ದಾವಣಗೆರೆಯ ಗುಪ್ತ ಕುಬೇರರು

ದಾವಣಗೆರೆಯಲ್ಲಿ ದುಡ್ಡಿರುವವರು ಯಾರು ಎಂದು ಕೇಳಿದರೆ ಊರಿನ ಜನ ಹಳೆಯ ಗಿರಣಿ ಮಾಲೀಕರ ಮನೆತನಗಳನ್ನೋ, ಎಂ.ಸಿ.ಸಿ. ಬಡಾವಣೆಯ ಬಂಗಲೆಗಳನ್ನೋ ತೋರಿಸುತ್ತಾರೆ. ಊರಿನ ಜನಕ್ಕೆ ಕಣ್ಣಿಲ್ಲ. ನಿಜವಾದ ಕುಬೇರರು ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಅಡಗಿ ಕುಳಿತಿದ್ದಾರೆ ಎಂಬುದನ್ನು ಪತ್ತೆಹಚ್ಚಲು ಆದಾಯ ತೆರಿಗೆ ಇಲಾಖೆಯ ಕಂಪ್ಯೂಟರೇ ಬೇಕಾಯಿತು.

ಅಂಥ ಒಬ್ಬ ಮಂಡಕ್ಕಿ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಹೆಸರಿಟ್ಟರೆ ಪ್ಯಾನ್ ಕಾರ್ಡ್ ಬರುತ್ತದೆ, ಪ್ಯಾನ್ ಬಂದರೆ ಹಿಂದೆಯೇ ನೋಟಿಸ್ ಬರುತ್ತದೆ. 2018-19ರಲ್ಲಿ ಇವರು ದಿನದ ವ್ಯಾಪಾರದ ನಗದನ್ನು ತಮ್ಮ ಎಸ್.ಬಿ. ಖಾತೆಗೆ ತುಂಬಿದರು. ವಾರ ಕಳೆಯುವುದರೊಳಗೆ ಅದೇ ಹಣ ಭತ್ತದ ಮಂಡಿಗೆ, ಹಮಾಲಿಗೆ, ಭಟ್ಟಿಯ ಕೂಲಿಗೆ ಹೊರಟುಹೋಯಿತು. ವರ್ಷದ ಜಮೆ ಒಟ್ಟು 12 ಲಕ್ಷ ರೂಪಾಯಿ. ಸಣ್ಣ ವ್ಯಾಪಾರಿಗೆ ಕಾಯ್ದೆಯೇ ಒಪ್ಪಿದ ಲೆಕ್ಕದಂತೆ ವಹಿವಾಟಿನ 8% ಲಾಭ ಎಂದರೂ ಆದಾಯ 96,000 ರೂಪಾಯಿ. ಆಗಿನ ವಿನಾಯಿತಿ ಮಿತಿ 2.5 ಲಕ್ಷ. ಕಟ್ಟಬೇಕಾದ ತೆರಿಗೆ ಸೊನ್ನೆ ಎಂದುಕೊಂಡು ಅವರು ರಿಟರ್ನ್ಸ್ ಸಲ್ಲಿಸದೆ ಮಂಡಕ್ಕಿ ಮಾರಿಕೊಂಡಿದ್ದರು.

ಎಸ್.ಬಿ. ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಬಂದರೆ ಬ್ಯಾಂಕು ಇಲಾಖೆಗೆ ವರದಿ ಮಾಡಬೇಕು. ಬ್ಯಾಂಕು ಮಾಡಿತು. ಆ ವರದಿಯಲ್ಲಿ ಕಂಪ್ಯೂಟರಿಗೆ ಒಳಗೆ ಬಂದ ಹಣ ಕಂಡಿತು, ಹೊರಗೆ ಹೋದ ಹಣ ಕಾಣಲಿಲ್ಲ. ಮಂಡಕ್ಕಿ ಚೀಲವನ್ನು ನೋಡಿಯೇ ತೂಕ ಹೇಳುವವರಂತೆ ಕಂಪ್ಯೂಟರ್ ತೀರ್ಮಾನಿಸಿತು: ಆದಾಯ 12 ಲಕ್ಷ, ರಿಟರ್ನ್ಸ್ ಇಲ್ಲ, ಆಸಾಮಿ ಘಾಟಿ.

ಹಿಂದಿನ ಕಾಲವಾಗಿದ್ದರೆ ಅವರು ಕಚೇರಿಯ ಮೆಟ್ಟಿಲು ಹತ್ತಿ ಅಧಿಕಾರಿಯ ಎದುರು ನಿಲ್ಲುತ್ತಿದ್ದರು. 2020ರ ಆಗಸ್ಟ್ 13ರಂದು ಪ್ರಧಾನಿಯವರು ಮುಖಾಮುಖಿಯಿಲ್ಲದ ತೆರಿಗೆ ನಿರ್ಧರಣೆಗೆ ಚಾಲನೆ ಕೊಟ್ಟರು. ಒಳ್ಳೆಯದೇ, ಲಂಚಕ್ಕೆ ಎರಡು ಮುಖಗಳಾದರೂ ಬೇಕಲ್ಲ. ಆದರೆ ಅಂಗಿಯ ತೋಳಿಗೆ ಅಂಟಿದ ಹೊಟ್ಟು, ಸವೆದ ಚಪ್ಪಲಿ, ಕೈಯಲ್ಲಿ ಸುರುಳಿ ಸುತ್ತಿದ ಮಂಡಿಯ ಪಟ್ಟಿಗಳು ಇವನ್ನು ನೋಡಿದ್ದರೆ ಎಂಥ ಅಧಿಕಾರಿಯೂ ನಕ್ಕು ಕಡತ ಮುಚ್ಚುತ್ತಿದ್ದರು. ಈಗ ಕಡತ ಯಾವ ಊರಿನ ಯಾವ ಮೇಜಿನ ಮೇಲಿದೆ ಎಂಬುದೂ ತಿಳಿಯದು.

ನೋಟಿಸ್ ಇಂಗ್ಲಿಷಿನಲ್ಲಿ, ಇಮೇಲ್‌ನಲ್ಲಿ ಬಂತು. ಇಲಾಖೆಯ ಪೋರ್ಟಲ್‌ನಲ್ಲಿದ್ದ ಇಮೇಲ್ ಆಡಿಟರ್ ಕಚೇರಿಯ ಗುಮಾಸ್ತನದು. ಆತ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದ. ಉತ್ತರಕ್ಕೆ ಕಾನೂನು ಆಗ ಕೊಡುತ್ತಿದ್ದ ಅವಕಾಶ 7 ದಿನಕ್ಕೆ ಕಡಿಮೆಯಿಲ್ಲ, 30 ದಿನ ಮೀರುವುದಿಲ್ಲ. ಉತ್ತರ ಹೋಗಲಿಲ್ಲ. ಮಾರ್ಚ್ ಕೊನೆಯ ವಾರ, ಅವಧಿ ಮುಗಿಯುವ ಗಡಿಬಿಡಿಯಲ್ಲಿ, ಆದೇಶ ಹೊರಬಿತ್ತು: ಮೂಲ ವಿವರಿಸದ ಹಣ, 12 ಲಕ್ಷ. ಇಂಥ ಹಣಕ್ಕೆ 2016ರ ನೋಟು ರದ್ದತಿಯ ಬೆನ್ನಲ್ಲೇ ತಂದಿದ್ದ ದರ 60%. ಅದರ ಮೇಲೆ 25% ಸರ್ಚಾರ್ಜ್, ಎರಡರ ಮೇಲೂ 4% ಸೆಸ್, ಕೂಡಿದರೆ 78%. ಅಂದರೆ 9,36,000 ರೂಪಾಯಿ, ಬಡ್ಡಿ ಬೇರೆ. 2019ರ ಸೆಪ್ಟೆಂಬರ್‌ನಲ್ಲಿ ದೇಶದ ದೊಡ್ಡ ಕಂಪನಿಗಳಿಗೆ ಕೊಟ್ಟ ದರ, ಸರ್ಚಾರ್ಜ್ ಮತ್ತು ಸೆಸ್ ಸೇರಿಯೂ, ಸುಮಾರು 25%. ಕಂಪನಿಗಳಿಗೆ ಪ್ರೋತ್ಸಾಹ ಬೇಕು, ಪಾಪ. ಮಂಡಕ್ಕಿಗೆ ಒಗ್ಗರಣೆ ಸಾಕು.

ಅನ್ಯಾಯ ಎನಿಸಿದರೆ ಮೇಲ್ಮನವಿ ಇದೆ. ಶುಲ್ಕ ಹೆಚ್ಚೆಂದರೆ 1,000 ರೂಪಾಯಿ. ಇಷ್ಟು ಅಗ್ಗದ ನ್ಯಾಯ ಎಲ್ಲಿ ಸಿಗುತ್ತದೆ? ಅಷ್ಟರೊಳಗೆ ವಸೂಲಿ ನಿಲ್ಲಬೇಕಾದರೆ ಮಾತ್ರ ತೆರಿಗೆ ಬೇಡಿಕೆಯ 20% ಮುಂಗಡ ಕಟ್ಟಬೇಕು. 2017ರ ಜುಲೈಗೆ ಮುಂಚೆ ಇದು 15% ಇತ್ತು. ಬೆಲೆಯೇರಿಕೆ ನ್ಯಾಯವನ್ನೂ ಬಿಡಲಿಲ್ಲ. ನಮ್ಮ ವ್ಯಾಪಾರಿಗೆ ಆ 20% ಎಂದರೆ 1,87,200 ರೂಪಾಯಿ, ಹೆಚ್ಚುಕಡಿಮೆ ಎರಡು ವರ್ಷದ ಲಾಭ. ಮೇಲ್ಮನವಿ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ ಒಂದು ವರ್ಷದೊಳಗೆ, "ಸಾಧ್ಯವಾದಲ್ಲಿ", ತೀರ್ಮಾನಿಸಬಹುದೆಂದು ಕಾಯ್ದೆ ಹೇಳುತ್ತದೆ. ಇದೇ ಸಾಧ್ಯವಾದಲ್ಲಿ ಎಂಬ ಮಾತನ್ನು ನೋಟಿಸಿಗೆ ಉತ್ತರಿಸುವವರ ಪಾಲಿಗೂ ಸ್ವಲ್ಪ ಸುರಿದಿದ್ದರೆ ಎಷ್ಟು ಚೆನ್ನಾಗಿತ್ತು.

ತಡವಾದರೆ ನಷ್ಟವೇನು ಎನ್ನಬೇಡಿ. ಬಾಕಿಗೆ ನೀವು ಕೊಡಬೇಕಾದ ಬಡ್ಡಿ ತಿಂಗಳಿಗೆ 1%. ಗೆದ್ದು ಹಣ ವಾಪಸ್ ಪಡೆದರೆ ಸರ್ಕಾರ ಕೊಡುವುದು ಅರ್ಧ ಪ್ರತಿಶತ. ಆ ಅರ್ಧವೂ ನಿಮ್ಮ ಆದಾಯ, ಅದಕ್ಕೂ ತೆರಿಗೆಯುಂಟು.

ಬಾಕಿಗಳನ್ನು ಜೋಪಾನ ಮಾಡುವುದರಲ್ಲಂತೂ ಇಲಾಖೆಗೆ ಸಾಟಿಯಿಲ್ಲ. 2024ರ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಣ್ಣಪುಟ್ಟ ಹಳೆಯ ಬೇಡಿಕೆಗಳನ್ನು ಕೈಬಿಟ್ಟಾಗ, ಅವುಗಳಲ್ಲಿ ಹಲವು 1962ರಷ್ಟು ಹಳೆಯವು, ಪರಿಶೀಲನೆಯೂ ಆಗದವು ಎಂದು ಅವರೇ ಹೇಳಿದರು. 1962ರಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ರಾಜ್ಯದ ಹೆಸರು ಇನ್ನೂ ಮೈಸೂರು. ಜಿಲ್ಲೆ ಒಡೆಯಿತು, ಗಿರಣಿಗಳು ಮುಚ್ಚಿದವು, ಬಾಕಿ ಮಾತ್ರ ಚಿರಂಜೀವಿಯಾಗಿತ್ತು.

ಇತ್ತ ನಮ್ಮ ಕುಬೇರರು 20% ಹೊಂದಿಸಲು ಹೆಂಡತಿಯ ಬಳೆ ಅಡವಿಟ್ಟರು. ಸಾಲದೆ ಹೋಯಿತು. ಹರಿಹರದ ಭಾವಮೈದ ಮೆಕ್ಕೆಜೋಳ ಮಾರಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ನಗದಾಗಿ ತಂದುಕೊಟ್ಟರು. ಆಡಿಟರು ಹೌಹಾರಿದರು. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ. ಪಡೆದರೆ ಸಾಲದಷ್ಟೇ ದಂಡ ಬೀಳಬಹುದು.

"ಸಾಲ ಎನ್ನಬೇಡಿ. ಹೆಂಡತಿಯ ತಮ್ಮ ಕೊಟ್ಟ ಉಡುಗೊರೆ ಎಂದರೆ ತೆರಿಗೆಯೂ ಇಲ್ಲ, ದಂಡವೂ ಇಲ್ಲ. ಅವರಿಂದ ಒಂದು ಪತ್ರ ಬರೆಸಿಕೊಂಡು ಬನ್ನಿ" ಎಂದರು.

ಭಾವಮೈದ ಅಂದಿನಿಂದ ಆಡಿಟರ್ ಕಚೇರಿಗೆ ಫೋನ್ ಮಾಡುತ್ತಲೇ ಇದ್ದಾರೆ: "ಸಾರ್, ಉಡುಗೊರೆ ಎಂದು ಬರೆದುಕೊಡಲು ನನ್ನದೇನೂ ಅಡ್ಡಿಯಿಲ್ಲ. ಭಾವ ಅದನ್ನು ಯಾವಾಗ ವಾಪಸ್ ಕೊಡುತ್ತಾರೆ ಎಂಬುದನ್ನೂ ಅದರಲ್ಲೇ ಬರೆಯಬಹುದೇ?"