ಹೊಸದು ಅಂತ ಬಿಟ್ಟಿದ್ದ ಗುಡಿ

ಜಪಾನಿನ ಕ್ಯೋಟೋಗೆ ಹೋಗುವವರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: "ಹೆಯಾನ್ ಜಿಂಗೂಗೆ ಹೋಗಬೇಡಿ, ಅದು ಹೊಸದು." ಈ ಗುಡಿ ಕಟ್ಟಿದ್ದು 1895ರಲ್ಲಿ. ಸಾವಿರ ವರ್ಷದ ಗುಡಿಗಳಿರುವ ಊರಲ್ಲಿ ಅದು ಮೊನ್ನೆ ಮೊನ್ನೆಯದು, ನಿಜ. ನಾನೂ ಈ ಮಾತು ನಂಬಿ ಎರಡು ಸಲ ಬಿಟ್ಟಿದ್ದೆ. ಈ ಸಲ ಅಮ್ಮ ಜೊತೆಗಿದ್ದರು, ಹೋದೆವು.

ಕೆಂಪು ಬಾಗಿಲು ದಾಟಿದರೆ ಬಿಳಿ ಜಲ್ಲಿ ಹಾಸಿದ ದೊಡ್ಡ ಅಂಗಳ. ಅಮ್ಮ ಮೊದಲು ಕೇಳಿದ್ದು "ಚಪ್ಪಲಿ ಎಲ್ಲಿ ಬಿಡೋದು?" ಇಲ್ಲಿ ಬಿಡಬೇಕಾಗಿಲ್ಲ ಅಂದೆ. ಕೈ, ಬಾಯಿ ತೊಳೆದು ಮುಂದೆ ಹೋದರೆ ಎರಡನೇ ಪ್ರಶ್ನೆ: "ವಿಗ್ರಹ ಕಾಣಿಸ್ತಾನೇ ಇಲ್ವಲ್ಲೋ?" 794ರಲ್ಲಿ ಈ ಊರನ್ನು ರಾಜಧಾನಿ ಮಾಡಿದ ಕಮ್ಮು ಚಕ್ರವರ್ತಿಯೇ ಇಲ್ಲಿ ದೇವರು ಅಂತ ಹೇಳಿದೆ. ಅಮ್ಮ ಒಂದು ಗಳಿಗೆ ಯೋಚಿಸಿ, ಪಕ್ಕದವರನ್ನು ನೋಡಿಕೊಂಡು ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಗ್ಗಿದರು. ಆಮೇಲೆ ಅಭ್ಯಾಸಬಲ, ಕೆನ್ನೆ ಕೂಡ ಮುಟ್ಟಿಕೊಂಡರು.

1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೋದ ಮೇಲೆ ಕ್ಯೋಟೋ ಸೊರಗಿತ್ತು. ಆಗ ಊರಿನವರು ಬಿವಾ ಸರೋವರದಿಂದ ಕಾಲುವೆ ತೋಡಿ ನೀರು ತಂದರು, ರಾಜಧಾನಿಗೆ 1,100 ವರ್ಷ ತುಂಬಿದ ನೆನಪಿಗೆ ಈ ಗುಡಿ ಕಟ್ಟಿದರು. ಹಳೆಯದಲ್ಲ ಅಂತ ಮೂಗು ಮುರಿಯುವವರು ಈ ಕಥೆ ಹೇಳುವುದೇ ಇಲ್ಲ.

ಅಂಗಳ ನೋಡಲು ದುಡ್ಡಿಲ್ಲ, ಹಿಂದಿನ ತೋಟಕ್ಕೆ ಮಾತ್ರ ಟಿಕೆಟ್. ನಮ್ಮ ಕಣ್ಣೆದುರೇ ಒಂದು ಟೂರ್ ಗುಂಪು ಫೋಟೋ ತೆಗೆದುಕೊಂಡು ಬಸ್ಸಿಗೆ ವಾಪಸ್ ಓಡಿತು. ಪಾಪ ಅನ್ನಿಸಿತು. ಇಲ್ಲಿ ನೋಡಬೇಕಾದದ್ದು ತೋಟವೇ ಅಲ್ವಾ! ಒಗಾವಾ ಜಿಹೆ ಎಂಬ ತೋಟಗಾರ ಮಾಡಿದ್ದು. ಕೊಳಗಳಿಗೆ ಬರುವುದು ಅದೇ ಕಾಲುವೆ ನೀರು. ಬಿವಾದಲ್ಲೇ ಈಗ ಅಪರೂಪವಾದ ಇಚಿಮೊಂಜಿ ತನಾಗೊ ಎಂಬ ಪುಟ್ಟ ಮೀನು ಇಲ್ಲಿ ಉಳಿದುಕೊಂಡಿದೆ. 'ಹೊಸ' ತೋಟ ನೋಡಿ!

ನನಗೆ ಜಾಸ್ತಿ ಹಿಡಿಸಿದ್ದು ನಡುವಿನ ಕೊಳದ ದಾಟುಗಲ್ಲುಗಳು. ದುಂಡನೆಯ ಕಲ್ಲುಗಳು ನೀರಿನಲ್ಲಿ ಸೊಟ್ಟಸೊಟ್ಟಗೆ ಸಾಗುತ್ತವೆ, ಮಲಗಿದ ಡ್ರ್ಯಾಗನ್ ಅಂತ ಹೆಸರು. ಅವೆಲ್ಲ ಹದಿನಾರನೇ ಶತಮಾನದಲ್ಲಿ ಜಪಾನ್ ಆಳಿದ ಸೇನಾನಾಯಕ ಹಿದೆಯೋಶಿ ಕಟ್ಟಿಸಿದ ಸಾಂಜೊ, ಗೊಜೊ ಸೇತುವೆಗಳ ಕಂಬಗಳು. ಊರಿನ ಹಳೇ ಸೇತುವೆಯನ್ನೇ ತಂದು ತೋಟದಲ್ಲಿ ನೆಟ್ಟಿದ್ದಾರೆ.

ನಾನು ಬೇಡ ಅನ್ನುವಷ್ಟರಲ್ಲಿ ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಮೂರನೇ ಕಲ್ಲಿನ ಮೇಲಿದ್ದರು. ಅಂಗಾಲಿನಿಂದ ಒಮ್ಮೆ ಅದುಮಿ ನೋಡಿ, ತಿರುಗಿ ಕರೆದರು: "ಗಟ್ಟಿಯಾಗಿದೆ, ಬಾ."