32 ಅಂದ್ರೆ ಎಷ್ಟು ಸ್ವಾಮಿ?

ಪುಣ್ಯಾತ್ಮರೊಬ್ಬರು ತಮ್ಮ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ಮೆಮೊರಿ ಕಾರ್ಡನ್ನು ಇಡಿಯಾಗಿ ಇಮೇಜ್ ಮಾಡಿ, ಅಂದ್ರೆ ಬೈಟಿಗೆ ಬೈಟ್ ನಕಲಿಸಿ ಒಂದೇ ಫೈಲಾಗಿಸಿ, ಎಲ್ಲರಿಗೂ ಹಂಚಿದ್ದಾರೆ. ಜೊತೆಗೆ ಒಂದೇ ಸಾಲಿನ ಅಪ್ಪಣೆ: "ಯಾವುದಾದ್ರೂ 32 ಜಿಬಿ ಕಾರ್ಡಿಗೆ ಬರ್ಕೊಳ್ಳಿ, ಆಯ್ತು."

ಆಗಲಿಲ್ಲ ಸ್ವಾಮಿ. ಬರೆಯೋಕೆ ಬಳಸಿದ ಡಿಡಿ ಅನ್ನೋ ನಕಲು ಕಮಾಂಡ್ ಕೊನೇ ತನಕ ಸಾಧುವಿನ ಹಾಗೆ ಓಡಿ, ಇನ್ನೇನು ಮುಗೀತು ಅನ್ನೋ ಹೊತ್ತಿಗೆ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತ ಕೈ ಎತ್ತಿತು.

ನನ್ನ ಡ್ರಾಯರ್ ನೋಡಿದವರಿಗೆ ಗೊತ್ತು, ಕಾರ್ಡಿಗೇನೂ ಬರ ಇಲ್ಲ. ಎರಡು 32ರ ಕಾರ್ಡ್ ತೆಗೆದು ಕಾರ್ಡಿನ ಅಳತೆ ತೋರಿಸುವ ಎಫ್‌ಡಿಸ್ಕ್ ಕಮಾಂಡಿನಲ್ಲಿ ನೋಡಿದೆ. ಒಂದರಲ್ಲಿ 6,25,21,344 ಸೆಕ್ಟರ್ (ಕಾರ್ಡಿನ ಜಾಗ ಎಣಿಸುವ ತುಂಡು), ಇನ್ನೊಂದರಲ್ಲಿ 6,23,33,952. ಸೆಕ್ಟರಿಗೆ 512 ಬೈಟ್ ಹಿಡಿದರೆ ಸುಮಾರು 96 ಎಂಬಿ ವ್ಯತ್ಯಾಸ. ಎರಡರ ಮೈಮೇಲೂ 32 ಅಂತಲೇ ಅಚ್ಚು! ದೊಡ್ಡದರ ಇಮೇಜ್ ಚಿಕ್ಕದಕ್ಕೆ ಹೇಗೆ ಹಿಡಿಸೀತು? ವಿಂಡೋಸ್ 29.8 ತೋರಿಸುತ್ತಲ್ಲ, ಅದು ಕಿಲೋಬೈಟಿಗೆ 1000 ಬೈಟೋ 1024 ಬೈಟೋ ಅನ್ನೋ ಜಗಳ, ಅದನ್ನು ಇಲ್ಲಿಗೆ ಎಳೆದು ತರಬೇಡಿ. ನಾನು ಹೇಳ್ತಿರೋದು ಬೈಟ್ ಎಣಿಸಿದರೂ ಸಾಲದೆ ಬರುವ ಮಾತು.

ಸಿಟ್ಟು ಬರೋದು ಇಲ್ಲಿ: ಆ ಇಮೇಜಿನೊಳಗೆ ನಿಜವಾಗಿ ಇದ್ದದ್ದು 5 ಜಿಬಿಯೂ ಇಲ್ಲ. ಉಳಿದದ್ದೆಲ್ಲ ಖಾಲಿ ಜಾಗ. ಡಿಡಿಗೆ ಖಾಲಿ ಯಾವುದು, ತುಂಬಿದ್ದು ಯಾವುದು ಅನ್ನೋ ಭೇದ ಇಲ್ಲ, ಮೊದಲ ಸೆಕ್ಟರಿನಿಂದ ಕೊನೆಯದರ ತನಕ ನಕಲು ಮಾಡುತ್ತೆ. ಬಾಲದ ಕಡೆ ಸ್ವಲ್ಪ ಬಿಟ್ಟು ಹೋದರೇನಂತೆ ಅಂತೀರಾ? ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ಮಿನ ಸೂಪರ್‌ಬ್ಲಾಕಿನಲ್ಲಿ, ಅಂದ್ರೆ ಅದರ ವಿವರ ಬರೆದಿಡುವ ಜಾಗದಲ್ಲಿ, ಹಳೇ ಕಾರ್ಡಿನ ಅಳತೆಯೇ ಬರೆದಿರುತ್ತೆ. ಅದಕ್ಕಿಂತ ಕಾರ್ಡ್ ಚಿಕ್ಕದು ಅಂತ ಗೊತ್ತಾದ ಕೂಡಲೇ ಇಎಕ್ಸ್‌ಟಿ4 (ಆ ಫೈಲ್ ಸಿಸ್ಟಮ್ಮಿನ ಹೆಸರು) ಮೌಂಟ್ ಆಗಲ್ಲ, ಅಂದ್ರೆ ತೆರೆದುಕೊಳ್ಳಲ್ಲ, ಅಂತ ಹಟ ಹಿಡಿಯುತ್ತೆ. ಅದರ ಹಟ ಸರಿಯಾಗೇ ಇದೆ.

"64ರ ಕಾರ್ಡ್ ತಗೊಂಡ್ರೆ ಮುಗೀತಲ್ಲ" ಅಂತ ಕಾಮೆಂಟಿಗೆ ಬರೋರು ಇದ್ದೀರಿ, ಗೊತ್ತು. ಸರಿ, ತಗೊಂಡೆ. ಬರೆದೆ, ಬೂಟೂ ಆಯ್ತು. ಪಾರ್ಟಿಶನ್ (ಫೈಲ್ ಸಿಸ್ಟಮ್ ಕೂತಿರೋ ಕಾರ್ಡಿನ ಭಾಗ) ಹಿಗ್ಗಿಸುವ ತನಕ ಅರ್ಧ ಕಾರ್ಡ್ ದಂಡಕ್ಕೆ ಬಿದ್ದಿರುತ್ತೆ. ಹಿಗ್ಗಿಸಿದ ಮೇಲೆ ನಾನೂ ಇವರ ಹಾಗೇ ಬ್ಯಾಕಪ್ ತೆಗೆದು ಹಂಚಿದರೆ 64 ಜಿಬಿ ಇಮೇಜ್ ಹುಟ್ಟುತ್ತೆ. ಅದು ಸೇರದವರು 128ಕ್ಕೆ ಹೋಗಲಿ, ಅಲ್ವಾ? 5 ಜಿಬಿ ಸಾಮಾನಿಗೆ!

ಇನ್ನು "ಜಿಪ್ ಮಾಡಿ ಕೊಟ್ಟಿದ್ದೀನಲ್ಲ" ಅನ್ನೋರು. ಕುಗ್ಗಿದ್ದು ಡೌನ್‌ಲೋಡ್ ಅಷ್ಟೇ, ಕಾರ್ಡಿಗೆ ಬರೆಯುವಾಗ ಮತ್ತೆ ಪೂರಾ ಹಿಗ್ಗುತ್ತೆ.

ಕುಗ್ಗಿಸೋದೇನು ಬ್ರಹ್ಮವಿದ್ಯೆ ಅಲ್ಲ. ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಶನ್, ಕೊನೆಗೆ ಇಮೇಜ್ ಫೈಲಿನ ಬಾಲ ಕತ್ತರಿಸೋದು. ಈ ಕ್ರಮ ತಪ್ಪಿದರೆ ಡೇಟಾ ಗೋವಿಂದ. ಕೈಯಲ್ಲಿ ಮಾಡೋಕೆ ಬೇಜಾರಾದರೆ ಪೈಶ್ರಿಂಕ್ ಅನ್ನೋ ಸ್ಕ್ರಿಪ್ಟ್ ಒಂದೇ ಕಮಾಂಡಿನಲ್ಲಿ ಅಷ್ಟನ್ನೂ ಮಾಡುತ್ತೆ, ಮೊದಲ ಬೂಟಿನಲ್ಲಿ ಕಾರ್ಡಿನಷ್ಟಕ್ಕೂ ತಾನೇ ಹಿಗ್ಗುವ ಏರ್ಪಾಡನ್ನೂ ಇಟ್ಟು. ಅಂಥ ಇಮೇಜ್ 8ರ ಕಾರ್ಡಿಗೂ ಸೈ, 128ಕ್ಕೂ ಸೈ. ನಾನಂತೂ ಬೇರೆಯವರ ಇಮೇಜನ್ನೂ ಕುಗ್ಗಿಸಿ ಇಟ್ಟುಕೊಳ್ಳುವ ಚಾಳಿಯವನು. 32 ಇದ್ದದ್ದು 5ಕ್ಕೆ ಇಳಿಯೋದನ್ನ ನೋಡೋದರಲ್ಲಿ ನನಗೊಂದು ವಿಚಿತ್ರ ಸುಖ ಇದೆ, ಮನೆಯವರಿಗೆ ಇನ್ನೂ ಅರ್ಥ ಆಗಿಲ್ಲ.

ಇಡೀ ಕಾರ್ಡ್ ನಕಲು ಮಾಡಿ ಹಂಚುವ ಉದಾರಿಗಳಿಗೆ ಇನ್ನೊಂದು ಮಾತು. ನೀವು ಅಳಿಸಿದ ಫೈಲುಗಳ ಅವಶೇಷವೂ ಆ "ಖಾಲಿ" ಜಾಗದಲ್ಲೇ ಇರಬಹುದು. ಅಳಿಸದೇ ಮರೆತದ್ದಂತೂ ಇದ್ದೇ ಇರುತ್ತೆ. ಈ ಇಮೇಜಿನಲ್ಲಿ ಅವರ ವೈಫೈ ಪಾಸ್‌ವರ್ಡ್ ಹಾಗೇ ಕೂತಿದೆ. ಮೆಸೇಜ್ ಹಾಕಿ ಹೇಳಿದೆ. "ನಿಮ್ಮ ಕಾರ್ಡೇ ಡೂಪ್ಲಿಕೇಟ್ ಇರ್ಬೇಕು ಸಾರ್" ಅಂತ ಉತ್ತರ ಬಂತು.