ಆ ಹುಡುಗ ಅವ್ವನ ಸೆರಗು ಎಳೆದ

ನಿನ್ನೆ ಸಂಜೆ ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ರಾತ್ರಿ ಊಟವೂ ಸರಿಯಾಗಿ ಸೇರಲಿಲ್ಲ.

ಒಂದು ಸೌಟು ತರೋಣ ಅಂತ ಪಾತ್ರೆ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಜೊತೆಗೆ ಹತ್ತು ವರ್ಷದ ಮಗ. ಚೀಲದಲ್ಲಿ ಕುಕ್ಕರ್. ತಗೊಂಡು ಹನ್ನೆರಡು ದಿನ ಆಗಿದೆಯಂತೆ. ಮುಚ್ಚಳದ ಪಕ್ಕದಿಂದ ಹಬೆ ಹೋಗುತ್ತದೆ, ಕೂಗೋದೇ ಇಲ್ಲ. ಅಂಗಡಿಯವರು ಮಾತಾಡದೆ ಗೋಡೆ ಕಡೆ ಬೆರಳು ತೋರಿಸಿದರು. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಅಂತ ಬೋರ್ಡು.

"ಬಿಲ್ ಐತೇನಮ್ಮ?"

ಕೊಟ್ಟಿದ್ದರೆ ತಾನೆ ಇರೋದು? ಅವತ್ತು ಒಂದು ತುಂಡು ಕಾಗದದ ಮೇಲೆ 1,450 ಅಂತ ಬರೆದು ಕೊಟ್ಟಿದ್ದರು, ಅಷ್ಟೇ. ಆಕೆ ಇನ್ನೊಂದು ಮಾತು ಆಡುವಷ್ಟರಲ್ಲಿ ಹುಡುಗ ಸೆರಗು ಎಳೆದ. "ಅವ್ವಾ, ಬಾ ಹೋಗಾನ. ಎಲ್ರೂ ನೋಡಾಕತ್ತಾರ."

ನನಗೆ ಸಿಟ್ಟು ಬಂದದ್ದು ಅಲ್ಲಿ. ಆ ಅಂಗಡಿಯವರ ಮೇಲಿಗಿಂತ ಜಾಸ್ತಿ, ನಮ್ಮೆಲ್ಲರ ಮೇಲೆ. ಕಾಸು ಕೊಟ್ಟು ತಂದ ಸಾಮಾನು ಕೆಟ್ಟಿದೆ ಅಂತ ಕೇಳೋದು ನಾಚಿಕೆ ಪಡುವ ವಿಷಯ ಅಂತ ಆ ಮಗುವಿಗೆ ಯಾರು ಕಲಿಸಿದರು? ಶಾಲೆಯಲ್ಲಂತೂ ಅಲ್ಲ. ನಾನೇ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ನಿಮಗೆ ಗೊತ್ತಲ್ಲ. ಮನೆಯಲ್ಲೇ ಕಲಿತಿದ್ದಾನೆ. ನಾವು ಅಂಗಡಿಯಲ್ಲಿ ಹೇಗೆ ನಿಲ್ಲುತ್ತೇವೆ ಅಂತ ನೋಡಿ ಕಲಿತಿದ್ದಾನೆ.

ಕುಕ್ಕರ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಐಎಸ್‌ಐ ಗುರುತೇ ಇಲ್ಲ. ಪ್ರೆಶರ್ ಕುಕ್ಕರಿಗೆ 2021ರಿಂದ ಅದು ಕಡ್ಡಾಯ. ಒಳಗೆ ಹಬೆ ಕಟ್ಟಿ ನಿಲ್ಲುವ ಪಾತ್ರೆ ಅದು. ಸೇಫ್ಟಿ ವಾಲ್ವ್ ಸರಿ ಇಲ್ಲದಿದ್ದರೆ ಅಡುಗೆಮನೆಯಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಬೋರ್ಡಿನ ವಿಷಯವನ್ನೂ ಕೇಳಿದೆ. ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ವಾಪಸ್ ತಗೋಬೇಕು. ಅವಧಿ ಬರೆದಿಲ್ಲ ಅಂದರೆ 30 ದಿನದೊಳಗೆ. ತಗೊಳ್ಳಲ್ಲ ಅಂದರೆ ಅದು ಅನುಚಿತ ವ್ಯಾಪಾರ. ಬಿಲ್ ಕೊಡದೇ ಇರೋದೂ ಅದೇ ಸಾಲಿನಲ್ಲಿ ಬರುತ್ತದೆ. ಅಂದರೆ ಬಿಲ್ ಕೊಡದೆ ತಪ್ಪು ಮಾಡಿದವರೇ, ಬಿಲ್ ಎಲ್ಲಿ ಅಂತ ಆಕೆಯನ್ನು ಕೇಳುತ್ತಿದ್ದಾರೆ.

ಅದಕ್ಕೆ ಬಂದ ಉತ್ತರ: "ಸೋಮವಾರ ನಿನ್ ಗಂಡನ್ನ ಕಳ್ಸಮ್ಮ, ಅವ್ರತ್ರ ಮಾತಾಡ್ತೀನಿ."

ದುಡ್ಡು ಕೊಟ್ಟವಳು ಆಕೆ. ಅಡುಗೆ ಮಾಡೋಳು ಆಕೆ. ಮಾತಾಡೋಕೆ ಮಾತ್ರ ಗಂಡ ಬರಬೇಕಾ?

ಕೆಲವರು ಹೇಳುತ್ತೀರಿ, "ಮೇಡಂ, ಪರಿಚಯದ ಅಂಗಡಿ, ಕಷ್ಟಕ್ಕೆ ಉದ್ರಿ ಕೊಡ್ತಾರೆ, ಬಿಲ್ ಕೇಳಿದರೆ ಬೇಜಾರು ಮಾಡ್ಕೋತಾರೆ." ಈ ಮಾತು ನಾನೂ ನಂಬಿದ್ದೆ. ನಂಬಿ ಏನಾಯಿತು ಅಂತ ಇವತ್ತು ಹೇಳಿಬಿಡುತ್ತೇನೆ.

ಜಗಳೂರು ಕಡೆ ಇರುವ ನನ್ನ ತಮ್ಮ ಒಂದು ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜ ತಗೊಂಡ. ನಾನೂ ಜೊತೆಗಿದ್ದೆ. ಅಂಗಡಿಯವರು ನನ್ನ ಹಳೆ ವಿದ್ಯಾರ್ಥಿಯ ಅಪ್ಪ. ಚಹಾ ತರಿಸಿದರು, ಟೀಚರಮ್ಮ ಅಂತ ಕುರ್ಚಿ ಹಾಕಿದರು. ತಮ್ಮ ನನ್ನ ಮುಖ ನೋಡಿದ, ಬಿಲ್ ಕೇಳಲಾ ಅನ್ನುವ ಹಾಗೆ. ನಾನು ಬೇಡ ಅಂತ ಕಣ್ಣಲ್ಲೇ ಹೇಳಿದೆ. ಸಂಕೋಚ. ಆ ಬೀಜ ಅರ್ಧಕ್ಕರ್ಧ ಹುಟ್ಟಲಿಲ್ಲ. ದೂರು ಕೊಡೋಣ ಅಂದರೆ ಬಿಲ್ ಇಲ್ಲ, ಚೀಲವನ್ನು ಹೊಲದಲ್ಲೇ ಬಿಸಾಕಿದ್ದ, ಲಾಟ್ ನಂಬರ್ ಇರುವ ಚೀಟಿಯೂ ಹೋಗಿತ್ತು. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆ ತೀರ್ಪು ಇದ್ದೂ ನನ್ನ ತಮ್ಮನ ಕೈಯಲ್ಲಿ ತೋರಿಸೋಕೆ ಒಂದು ಕಾಗದ ಇರಲಿಲ್ಲ. ಅವನು ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅದೇ ನನಗೆ ಜಾಸ್ತಿ ನೋವು.

ಹಾಗಾಗಿ ಪರಿಚಯ, ಉದ್ರಿ ಅನ್ನುವ ಮಾತನ್ನು ನನ್ನ ಹತ್ತಿರ ತರಬೇಡಿ. ಬಿಲ್ ಕೇಳಿದ್ದಕ್ಕೆ ಕೆಡುವ ಪರಿಚಯ ಇದ್ದರೆಷ್ಟು, ಬಿಟ್ಟರೆಷ್ಟು? ನಮ್ಮ ಮನೆಗೆ ಅಕ್ಕಿ ಕೊಡುವ ಅಂಗಡಿಯಣ್ಣ ಕೇಳದೆಯೇ ಬಿಲ್ ಕೊಡುತ್ತಾರೆ. ಇಪ್ಪತ್ತು ವರ್ಷದ ಪರಿಚಯ, ಏನೂ ಕೆಟ್ಟಿಲ್ಲ.

ನಮ್ಮ ಕಡೆಯೂ ತಪ್ಪಿದೆ, ಅದನ್ನೂ ಹೇಳಬೇಕು. ಆನ್‌ಲೈನಲ್ಲಿ ಸೀರೆ ತರಿಸಿ, ಮದುವೆಗೆ ಉಟ್ಟು, ಮಡಿಚಿ ವಾಪಸ್ ಕಳಿಸುವವರನ್ನು ನೋಡಿದ್ದೇನೆ. ಅದು ಹಕ್ಕಲ್ಲ, ಮೋಸ. ಮಕ್ಕಳು ಅದನ್ನೂ ನೋಡುತ್ತಿರುತ್ತಾರೆ.

ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಪ್ಯಾಕೆಟ್ ಅವರ ಕೈಗೆ ಕೊಟ್ಟು ಓದಿಸಿ. 450 ಗ್ರಾಂ ಪ್ಯಾಕೆಟ್ಟಿಗೆ 45 ರೂಪಾಯಿ, 500 ಗ್ರಾಮಿಗೆ 48. ಯಾವುದು ಅಗ್ಗ? ನೋಡಿದ ತಕ್ಷಣ 45 ಅನ್ನಿಸುತ್ತದೆ. ಆದರೆ ಅದು ಗ್ರಾಮಿಗೆ 10 ಪೈಸೆ, ಇನ್ನೊಂದು 9.6 ಪೈಸೆ. ಈಗ ಗ್ರಾಂ ಲೆಕ್ಕದ ಬೆಲೆಯನ್ನೂ ಪ್ಯಾಕೆಟ್ ಮೇಲೆ ಹಾಕಬೇಕು, ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕಲಿ. ಬಿಲ್ ಕೇಳೋ ಕೆಲಸವನ್ನೂ ಅವರಿಗೇ ಬಿಡಿ. ನನ್ನ ಮೊಮ್ಮಗಳು ಏಳು ವರ್ಷದವಳು, "ಅಂಕಲ್, ಬಿಲ್ಲು" ಅಂತ ಕೈ ಚಾಚುತ್ತಾಳೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆ ಹೆಣ್ಣುಮಗಳನ್ನು ಹೊರಗೆ ಕೂರಿಸಿಕೊಂಡು ಮಾತಾಡಿದೆ. ದುಡ್ಡನ್ನು ಫೋನಿನಲ್ಲೇ ಹಾಕಿದ್ದಳು. ತಾರೀಕು, ಮೊತ್ತ, ಅಂಗಡಿ ಹೆಸರು ಎಲ್ಲಾ ಅದರಲ್ಲಿತ್ತು. ಅದೂ ಸಾಕ್ಷಿಯೇ ಅಂದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ. ಬೇರೆ ಊರಿನಿಂದ ತರಿಸಿದ ಸಾಮಾನಾದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಕೆ ಸುಮ್ನೆ ಕೇಳುತ್ತಿದ್ದಳು. ಹುಡುಗ ಮಾತ್ರ ಅವ್ವನ ಫೋನ್ ತಗೊಂಡು 1915 ಅಂತ ಸೇವ್ ಮಾಡಿದ.

"ಕುಕ್ಕರ್ ಬಂದಿದ್ದ ಡಬ್ಬಿ ಐತೇನಪ್ಪ ಮನೇಲಿ?" ಅಂದೆ.

"ಐತ್ರಿ ಮಿಸ್, ಅದ್ರಾಗೆ ಬುಕ್ ಇಟ್ಟೀನಿ."

ಪುಸ್ತಕ ಬೇರೆ ಕಡೆ ಇಟ್ಟು ಡಬ್ಬಿ ತರೋಕೆ ಹೇಳಿದ್ದೇನೆ. ಸೋಮವಾರ ಹನ್ನೊಂದು ಗಂಟೆಗೆ ಆಕೆ, ಹುಡುಗ, ನಾನು ಮೂವರೂ ಆ ಅಂಗಡಿಗೆ ಹೋಗುತ್ತಿದ್ದೇವೆ. ಗಂಡ ಬರುತ್ತಿಲ್ಲ, ಅವರಿಗೆ ಕೆಲಸ ಇದೆ. ಊರಲ್ಲಿರುವ ಗೆಳತಿಯರು ಬರೋದಿದ್ದರೆ ಬನ್ನಿ. ಹತ್ತು ಮುಕ್ಕಾಲಿಗೆ ಗಡಿಯಾರ ಕಂಬದ ಹತ್ತಿರ ನಿಂತಿರುತ್ತೇನೆ.